ಎರಡು ಏಟಿಗೆ ಬಾ, ಒಂದು ಏಟಿಗೆ ನಿಲ್ಲು

ಬಲು ಹಿಂದೆ, ಹಿಂದಕ್ಕೆ ನೋಡುವ ವಿದ್ಯೆ ಇನ್ನೂ ಯಾರಿಗೂ ಒಲಿಯದಿದ್ದ ಕಾಲದಲ್ಲಿ, ತಾಳೆಮರವನ್ನು ಮಲಗಿಸಿದಷ್ಟು ಉದ್ದದ ಒಬ್ಬ ರಾಕ್ಷಸನಿದ್ದನಂತೆ. ಅವನಿಗೆ ಮುಂದೆ ಹೋಗುವುದೊಂದೇ ಗೊತ್ತು. ಹಗಲೆಲ್ಲ ಊರೂರಿಗೆ ಭಾರ ಹೊರುತ್ತಾನೆ, ಸಂಜೆ ತನ್ನ ಗುಹೆಯ ಬಾಗಿಲಿಗೆ ಬಂದು ನಿಂತು ಅಳುತ್ತಾನೆ. ತಲೆ ಮೊದಲು ಹೊಕ್ಕರೆ ಬೆಳಿಗ್ಗೆ ಹೊರಗೆ ಬರಲಾಗದು. ಬೆನ್ನು ಮೊದಲು ಹೋಗೋಣವೆಂದರೆ ಬೆನ್ನಿಗೆ ಕಣ್ಣಿಲ್ಲ. ಹಾಗಾಗಿ ದಾರಿಯ ಮೇಲೇ ಮಲಗುತ್ತಾನೆ, ದಾರಿಹೋಕರೆಲ್ಲ ಬೈಯುತ್ತಾರೆ. ಕೊನೆಗೊಂದು ದಿನ ಅವನ ಮೊಣಕಾಲಿಗೂ ಬಾರದ ಒಬ್ಬ ಹೆಂಗಸು ಬಂದು, ಅವನ ಪಕ್ಕೆಗೆ ಕೋಲಿನಿಂದ ಎರಡು ಸಲ ತಟ್ಟಿ, "ಬಾ, ಹಿಂದೆ ನಾನಿದೀನಿ" ಅಂದಳಂತೆ.

ಈ ಕಥೆ ಹೇಳಿದ ನನ್ನ ಅಜ್ಜಿಗೆ ಆ ಹೆಂಗಸಿನ ಹೆಸರು ಗೊತ್ತಿರಲಿಲ್ಲ. ಕೇಳಿದರೆ, "ಹಿಂದೆ ನಿಂತು ಕೆಲಸ ಮಾಡೋರ ಹೆಸರು ಕಥೆಯೊಳಗೆ ಬರಲ್ಲ ಮಗಾ, ಮಲ್ಕೋ ಸುಮ್ನೆ" ಅನ್ನುತ್ತಿದ್ದಳು. ಈಗ ಗೊತ್ತಾಗಿದೆ. ಹೆಸರು ಗೌರಮ್ಮ. ವಯಸ್ಸು ಐವತ್ತನಾಲ್ಕು, ಎತ್ತರ ನಾಲ್ಕಡಿ ಹತ್ತು ಅಂಗುಲ. ಊರು ಹಿರಿಯೂರಿನ ಕಡೆ, ಈಗ ಇರುವುದು ವಡೋದರಾದ ಗೋರ್ವಾದಲ್ಲಿ.

ಜನವರಿಯ ಭಾನುವಾರ. ಉತ್ತರಾಯಣದ ಗಾಳಿಪಟದ ಹಬ್ಬ ಕಳೆದು ವಾರವಾಗಿದೆ. ಟ್ರಾನ್ಸ್‌ಪೋರ್ಟ್ ಯಾರ್ಡಿನ ಮೂಲೆಯ ಬೇವಿನ ಮರದಲ್ಲಿ ಹರಿದ ಗಾಳಿಪಟಗಳು ಇನ್ನೂ ನೇತಾಡುತ್ತಿವೆ. ಬೆಳಗಿನ ಆರೂಕಾಲರ ಮಸುಕಿನಲ್ಲಿ ಗೌರಮ್ಮ ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ, ಎಡಗೈಯಲ್ಲಿ ಸುಣ್ಣದ ಪುಡಿಯ ಡಬ್ಬಿ ಹಿಡಿದು ಬಗ್ಗಿ ನಡೆಯುತ್ತಿದ್ದಾರೆ. ಒಂದೊಂದು ಹೆಜ್ಜೆಗೆ ಒಂದೊಂದು ಚಿಟಿಕೆ ಸುಣ್ಣ. ದೂರದಿಂದ ನೋಡಿದರೆ ಅಂಗಳಕ್ಕೆ ಚುಕ್ಕಿ ಇಡುತ್ತಿದ್ದಾರೆ ಅನ್ನಿಸಬೇಕು. ಹತ್ತಿರ ಹೋದರೆ ಆ ಚುಕ್ಕಿಗಳು ಗೇಟಿನಿಂದ ಹೊರಟು, ಯಾರ್ಡಿನ ಉದ್ದಕ್ಕೂ ನೇರ ನಡೆದು, ಕೊನೆಗೆ ಬಿಲ್ಲಿನಂತೆ ಬಾಗಿ ಬೇವಿನ ಮರದ ಪಕ್ಕದ ಖಾಲಿ ಜಾಗದೊಳಕ್ಕೆ ಹೋಗಿ ನಿಲ್ಲುತ್ತವೆ.

"ರಂಗೋಲಿ ಅಲ್ಲ ಕಣಮ್ಮ, ಬಲಗಡೆ ಹಿಂದಿನ ಚಕ್ರ ಹೋಗೋ ದಾರಿ," ಅನ್ನುತ್ತಾರೆ ನನಗೆ, ತಲೆಯೆತ್ತದೆ. "ಡ್ರೈವರ್‌ಗೆ ಹಿಂದೆ ಏನೈತೆ ಅಂತ ಪೂರ್ತಿ ಎಲ್ಲಿ ಕಾಣ್ತೈತೆ? ಕನ್ನಡಿಯಾಗೆ ಒಂದು ಚಕ್ರ ಕಾಣ್ತೈತೆ, ಅಷ್ಟೇ. ಆ ಒಂದು ಚಕ್ರಕ್ಕೆ ದಾರಿ ತೋರ್ಸಿದ್ರೆ ಉಳಿದಿದ್ದು ಕುರಿ ಮಂದೆ ಇದ್ದಂಗೆ, ತಾನೇ ಬರ್ತೈತೆ."

ಗೌರಮ್ಮನ ಕೆಲಸ ಲಾರಿಗಳನ್ನು ಹಿಂದಕ್ಕೆ ಬರಿಸಿ ನಿಲ್ಲಿಸುವುದು. ಈ ಯಾರ್ಡಿನಲ್ಲಿ ಲಾರಿಗೆ ಇಪ್ಪತ್ತಮೂರು ಜಾಗಗಳಿವೆ. ಪ್ರತಿ ಲಾರಿಯೂ ಬೆನ್ನು ಒಳಗೆ, ಮೂಗು ಹೊರಗೆ ಮಾಡಿಯೇ ನಿಲ್ಲಬೇಕು. ದಿನಕ್ಕೆ ಮೂವತ್ತರಿಂದ ಮೂವತ್ತೈದು ಲಾರಿ ಬರುತ್ತವೆ, ಅಹಮದಾಬಾದಿನ ಕಡೆಯಿಂದ ಔಷಧಿ, ಯಂತ್ರದ ಭಾಗಗಳು, ಸೂರತ್ತಿನಿಂದ ಬಟ್ಟೆಯ ಬೇಲು. ಒಂದೊಂದನ್ನು ಒಳಗೆ ಸೇರಿಸಲು ನಾಲ್ಕರಿಂದ ಹತ್ತು ನಿಮಿಷ. ಒಂಬತ್ತು ವರ್ಷದಿಂದ ಇದೇ ಕೆಲಸ. ಸಂಬಳದ ಪುಸ್ತಕದಲ್ಲಿ ಮಾತ್ರ ಇವರ ಹೆಸರಿನ ಮುಂದೆ 'ಗುಡಿಸುವವರು' ಎಂದಿದೆ. ಹಿಂದಕ್ಕೆ ಬರಿಸುವವರು ಎಂಬ ಹುದ್ದೆ ಆ ಪುಸ್ತಕದಲ್ಲಿ ಇಲ್ಲ.

"ಗುಡಿಸ್ತೀನಿ ಕೂಡ. ಗುಡಿಸ್ದೆ ಚುಕ್ಕಿ ಹೆಂಗಿಡ್ಲಿ?"

ಅವರ ಬಿದಿರು ಕೋಲಿಗೆ ಎರಡು ಕೆಲಸ. ಲಾರಿಯ ಮೈಗೆ ಎರಡು ಏಟು ಬಿದ್ದರೆ ಬಾ ಎಂದರ್ಥ, ಒಂದೇ ಏಟು ಬಿದ್ದರೆ ಇದ್ದಲ್ಲೇ ನಿಲ್ಲು. ಈ ಭಾಷೆ ಹಿರಿಯೂರಿನಿಂದ ಅಹಮದಾಬಾದಿನವರೆಗೆ ಎಲ್ಲ ಕ್ಲೀನರುಗಳಿಗೂ ಗೊತ್ತು, ಕಲಿಸಬೇಕಾಗಿಲ್ಲ. ಬಿದಿರಿನ ಇನ್ನೊಂದು ಕೆಲಸ ಎತ್ತರ ಅಳೆಯುವುದು. ಅದರ ತುದಿಗೊಂದು ಕೆಂಪು ಬಟ್ಟೆ ಕಟ್ಟಿದೆ. ಬಿದಿರನ್ನು ನೆಲಕ್ಕೆ ಊರಿದರೆ, ಕಂಟೇನರ್ ಹೊತ್ತ ಟ್ರೇಲರಿನ ನೆತ್ತಿ ಎಲ್ಲಿಗೆ ಬರುತ್ತದೋ ಆ ಕೆಂಪು ಅಲ್ಲಿಗೆ ಬರುತ್ತದೆ.

ಇಂದು ಆ ಬಿದಿರೇ ಪಣದಲ್ಲಿದೆ.

ಕಥೆ ಹೀಗೆ. ಮೂರು ತಿಂಗಳಿನಿಂದ ಸೂರತ್ತಿನಿಂದ ಒಂದು ಟ್ರೇಲರ್ ಬರುತ್ತಿದೆ, ಮೂಗಿನಿಂದ ಬಾಲಕ್ಕೆ ಐವತ್ತೈದು ಅಡಿ. ಅಷ್ಟು ಉದ್ದದ್ದು ಹಿಡಿಸುವ ಜಾಗ ಯಾರ್ಡಿನಲ್ಲಿ ಒಂದೇ ಒಂದು, ಬೇವಿನ ಮರದ ಪಕ್ಕದ ಇಪ್ಪತ್ತಮೂರನೆಯದು. ಆದರೆ ಗೇಟಿನಿಂದ ಒಳಗೆ ಬಂದ ಲಾರಿಗೆ ಆ ಮೂಲೆ ಎಡಕ್ಕೆ ಬೀಳುತ್ತದೆ. ನಮ್ಮ ಡ್ರೈವರುಗಳು ಕೂರುವುದು ಬಲಕ್ಕೆ. ಎಡಕ್ಕೆ ಹಿಂದೆ ಬರುವಾಗ ಅವರಿಗೆ ಕನ್ನಡಿಯಲ್ಲಿ ತಮ್ಮದೇ ಗಾಡಿಯ ಮೈ ಬಿಟ್ಟು ಬೇರೇನೂ ಕಾಣದು. ಹಾಗಾಗಿ ಇದುವರೆಗೆ ಯಾರೂ ಅಲ್ಲಿ ನಿಲ್ಲಿಸಿಲ್ಲ, ಟ್ರೇಲರ್ ಬೀದಿಯಲ್ಲೇ ನಿಲ್ಲುತ್ತದೆ. ಎದುರಿನ ನಾಲ್ಕು ಮಹಡಿಯ ಫ್ಲ್ಯಾಟಿನವರ ಗೇಟಿಗೆ ಅಡ್ಡವಾಗುತ್ತದೆ. ಅವರು ದೂರು ಬರೆದಿದ್ದಾರೆ.

ಯಾರ್ಡಿಗೆ ಹೊಸದಾಗಿ ಬಂದ ಮ್ಯಾನೇಜರ್ ಕಿರಣ್‌ಭಾಯಿ, ಇಪ್ಪತ್ತೊಂಬತ್ತರ ಹುಡುಗ, ಕಳೆದ ಸೋಮವಾರ ಎಲ್ಲರ ಮುಂದೆ ಪರಿಹಾರ ಹೇಳಿದ್ದಾರೆ: ಬೇವಿನ ಮರ ಕಡಿಯುವುದು, ಜಾಗ ಅಗಲ ಮಾಡುವುದು, ಕಂಬಕ್ಕೆ ಕ್ಯಾಮೆರಾ ಹಾಕುವುದು. ಕ್ಯಾಮೆರಾ ಬಂದ ಮೇಲೆ ಕೋಲು ಹಿಡಿದು ನಿಲ್ಲುವವರು ಬೇಕಾಗಿಲ್ಲ.

ಗೌರಮ್ಮ ಆಗ ಗುಜರಾತಿಯಲ್ಲಿ ಅಂದದ್ದು ಯಾರ್ಡಿನಲ್ಲಿ ಈಗ ಎಲ್ಲರ ಬಾಯಲ್ಲಿದೆ. "ಭಾನುವಾರ ಬಾ. ಹೊತ್ತು ಆ ಗೋಡೆ ದಾಟೋದ್ರೊಳಗೆ ಟ್ರೇಲರ್ ಇಪ್ಪತ್ತಮೂರ್ರಾಗೆ ನಿಂತಿರ್ತೈತೆ. ಮರಕ್ಕೆ ಒಂದು ಗೀರು ಬಿದ್ರೆ ಈ ಬಿದಿರು ನಿನ್ನ ಮೇಜಿನ ಮೇಲೆ ಇಟ್ಟು ಹೋಗ್ತೀನಿ. ಬೀಳದಿದ್ರೆ ಮರಾನೂ ಇರ್ತೈತೆ, ನಾನೂ ಇರ್ತೀನಿ." ಮರುಮಾತಿಗೆ ಜಾಗ ಬಿಡದೆ ಪೊರಕೆ ತೆಗೆದುಕೊಂಡು ಹೊರಟಿದ್ದಾರೆ.

ಆರೂಮುಕ್ಕಾಲಿಗೆ ಗೌರಮ್ಮನ ಗಂಡ ಹಾಲೇಶ ಸೈಕಲ್ಲಿನಲ್ಲಿ ಉಪ್ಪಿಟ್ಟಿನ ಡಬ್ಬಿ ತರುತ್ತಾರೆ. ಹಾಲೇಶ ಇಪ್ಪತ್ತೆರಡು ವರ್ಷ ದಾವಣಗೆರೆ–ಅಹಮದಾಬಾದ್ ದಾರಿಯಲ್ಲಿ ಲಾರಿ ಓಡಿಸಿದವರು. ಒಂದು ಕಣ್ಣು ಮಂಜಾದ ಮೇಲೆ ಸ್ಟೇರಿಂಗ್ ಬಿಟ್ಟು ಒಲೆ ಹಿಡಿದಿದ್ದಾರೆ.

"ಮುಂದಕ್ಕೆ ಓಡ್ಸಿದ್ದು ನಾನು, ಹಿಂದಕ್ಕೆ ಓಡ್ಸಿದ್ದೆಲ್ಲ ಇವಳೇ," ಅನ್ನುತ್ತಾರೆ. "ಮದುವೆಯಾದಾಗಿಂದ ಹಂಗೇ."

"ಉಪ್ಪಿಗೇನು ಕೈ ಬಂದಿಲ್ವ ಇವತ್ತು?" ಅಂತ ಗೌರಮ್ಮ ಡಬ್ಬಿಯಿಂದ ತಲೆಯೆತ್ತದೆ ಕೇಳುತ್ತಾರೆ.

"ಹೆದರಿಕೆಗೆ ಮರ್ತೆ."

"ಕೋಲು ಹಿಡಿಯೋಳು ನಾನು, ಹೆದರಿಕೆ ನಿನಗೆ. ಸರಿಯಾಗೈತೆ."

ಗೌರಮ್ಮ ಲಾರಿ ಹತ್ತಿದ್ದು ಆಸೆಯಿಂದಲ್ಲ. ಹಾಲೇಶರ ಬಳಿ ಕ್ಲೀನರುಗಳು ನಿಲ್ಲುತ್ತಿರಲಿಲ್ಲ. ಒಬ್ಬ ನಿದ್ದೆಗೆಟ್ಟು ಬಿಟ್ಟ, ಒಬ್ಬ ತಾನೇ ಡ್ರೈವರ್ ಆಗಿ ಹೋದ. ಮೂರನೆಯವನು ಲಾರಿಗೂ ಗೋಡೆಗೂ ನಡುವೆ ನಿಂತು ಬರಲಿ ಬರಲಿ ಅನ್ನುತ್ತಲೇ ಸಿಕ್ಕಿಕೊಂಡು ತೊಡೆ ಮುರಿದುಕೊಂಡ. ಆ ದಿನ ಲೋಡು ನಿಲ್ಲಿಸುವ ಹಾಗಿರಲಿಲ್ಲ. ಗೌರಮ್ಮ ಮಗಳು ವರ್ಷಿಣಿಯನ್ನು ತವರಿನಲ್ಲಿ ಬಿಟ್ಟು ಎಡಗಡೆಯ ಸೀಟಿಗೆ ಹತ್ತಿದರು. ಒಂದು ಲೋಡಿಗೆಂದು ಹತ್ತಿದವರು ಆರು ವರ್ಷ ಇಳಿಯಲಿಲ್ಲ.

"ಆ ಹುಡುಗ ಮಾಡಿದ ತಪ್ಪು ಮೊದಲನೇ ಪಾಠ ಆಯ್ತು ನನಗೆ. ಗಾಡಿ ಹಿಂದೆ ನಿಲ್ಲಬಾರದು. ಕನ್ನಡಿಯಾಗೆ ನಾನು ಡ್ರೈವರ್‌ಗೆ ಕಾಣ್ತಾ ಇರಬೇಕು. ನಾನು ಕಾಣ್ದೆ ಹೋದ್ರೆ ಅವನು ನಿಲ್ಲಿಸ್ಬೇಕು, ಕೂಗಿ ಕೇಳಬಾರದು. ಯಾಕೆ ಕಾಣ್ತಿಲ್ಲ ಅಂತ ಆಮೇಲೆ ಇಳಿದು ನೋಡ್ಲಿ."

ಎರಡನೆಯ ಪಾಠ ಸೂರತ್ತಿನ ವರಾಛಾದಲ್ಲಿ. ವಜ್ರ ಉಜ್ಜುವ ಕಾರ್ಖಾನೆಗಳು ಒತ್ತೊತ್ತಾಗಿರುವ ಒಂದು ಗಲ್ಲಿಗೆ ಲಾರಿ ಹಿಂದೆ ಬಿಡಬೇಕಾಗಿತ್ತು. ಗೌರಮ್ಮ ಬೈಕು ನೋಡಿದರು, ಮಕ್ಕಳನ್ನು ನೋಡಿದರು, ಚರಂಡಿಯ ಅಂಚು ನೋಡಿದರು. ಮೇಲೆ ನೋಡಲಿಲ್ಲ. ಚರಂಡಿಯ ಚಪ್ಪಡಿಯ ಮೇಲೆ ಹಿಂದಿನ ಚಕ್ರ ಹತ್ತಿದ್ದೇ ಲಾರಿಯ ಬೆನ್ನು ಒಂದು ಗೇಣು ಏರಿ, ಮೇಲಿದ್ದ ತಗಡಿನ ಮಾಡು ಕಾಗದದಂತೆ ಹರಿಯಿತು. ಕಾರ್ಖಾನೆಯೊಳಗಿಂದ ಮೂವತ್ತು ಜನ ಹೊರಗೆ ಬಂದರು. ಹೆಂಗಸನ್ನು ಹಿಂದೆ ನಿಲ್ಲಿಸಿದರೆ ಇನ್ನೇನಾಗುತ್ತದೆ ಎಂದ ಒಬ್ಬ.

"ಏಣಿ ತಗಂಡು ನಾನೇ ಹತ್ತಿ ತಗಡು ಹೊಡೆದು ಕೊಟ್ಟೆ. ಇಳಿದ ಮೇಲೆ ಅವನಿಗೆ ಹೇಳ್ದೆ, ಹರಿದಿದ್ದು ನಾನು ಹೆಂಗಸು ಅಂತ ಅಲ್ಲ, ಮೇಲೆ ನೋಡ್ಲಿಲ್ಲ ಅಂತ. ಮೇಲೆ ನೋಡದ ಗಂಡಸರು ಈ ಗಲ್ಲಿಯಾಗೆ ಎಷ್ಟು ತಗಡು ಹರಿದವ್ರೆ, ಎಣಿಸಿ ಹೇಳಪ್ಪ ಅಂದೆ. ಕತ್ತು ಎತ್ತಿ ನೋಡ್ದ. ಮಾಡಿನಾಗೆ ನಾಕು ಹಳೇ ತೇಪೆ ಕಾಣ್ತಿದ್ವು."

ಬಿದಿರಿಗೆ ಕೆಂಪು ಬಟ್ಟೆ ಬಂದದ್ದು ಆ ದಿನದಿಂದ.

ಯಾರ್ಡಿನಲ್ಲಿ ಮೊದಲ ವರ್ಷ ಡ್ರೈವರುಗಳು ಇವರ ಕೋಲಿಗೆ ಬೆಲೆ ಕೊಡಲಿಲ್ಲ. ಹಿಂದೆ ಬರುವಾಗ ಕೇಳುವ ರಿವರ್ಸ್ ಹಾರ್ನಿನ ಹಾಡನ್ನು ಇನ್ನೂ ಜೋರು ಮಾಡುತ್ತಿದ್ದರು. "ಮಾಸಿ, ರೊಟ್ಟಿ ತಟ್ಟೋ ಕೈ ಲಾರಿ ತಟ್ಟಿದ್ರೆ ಬೆಂದೀತೇ?" ಎಂದನಂತೆ ಒಬ್ಬ, ಚಿಕ್ಕಮ್ಮನನ್ನು ಕರೆಯುವ ಸಲಿಗೆಯಲ್ಲಿ. ಗೌರಮ್ಮ ಅವನ ಲಾರಿಯ ಮುಂದೆ ಹೋಗಿ ನಿಂತರು. ಹಾಡು ನಿಲ್ಲಿಸು, ಫೋನು ಒಳಗಿಡು, ಕಿಟಕಿ ಗಾಜು ಇಳಿಸು, ಆಮೇಲೆ ಕೆಳಗೆ ಇಳಿ, ಜಾಗದೊಳಗೆ ನಡೆದು ಬಾ. ಅಲ್ಲಿಯವರೆಗೆ ಹಿಂದೆ ಬೇರೆ ನಾಲ್ಕು ಲಾರಿ ಹಾರ್ನ್ ಹೊಡೆಯುತ್ತಿದ್ದರೂ ಅವರು ಕದಲಲಿಲ್ಲ. ಅವನು ಇಳಿದು ನಡೆದ. ಜಾಗದೊಳಗೆ ಯಾರೋ ಬಿಟ್ಟುಹೋದ ಕಬ್ಬಿಣದ ಜ್ಯಾಕ್ ಬಿದ್ದಿತ್ತು. ಟೈರಿನ ಕೆಳಗೆ ಹೋಗಬೇಕಾಗಿದ್ದುದನ್ನು ಕೈಯಲ್ಲಿ ಎತ್ತಿಕೊಂಡು ಬಂದ.

ಮೊದಲು ಕಾಲು ಒಳಗೆ ಹೋಗಬೇಕು, ಆಮೇಲೆ ಚಕ್ರ. ಈಗ ಅದು ಯಾರ್ಡಿನ ಕಟ್ಟಳೆ. ಹಾಗೆಯೇ ಪಕ್ಕದ ಗಾಡಿಯ ಬಾಗಿಲು ತೆರೆಯುವಷ್ಟು ಜಾಗ ಬಿಡುವುದು, ಕನ್ನಡಿ ಮಡಚುವುದು, ಪಕ್ಕದವನು ಮಲಗಿದ್ದರೆ ಹಾರ್ನ್ ಮುಟ್ಟದಿರುವುದು. ಇನ್ನೊಂದು ಕಟ್ಟಳೆಗೆ ಗೌರಮ್ಮ ಎಲ್ಲಕ್ಕಿಂತ ಹೆಚ್ಚು ಜಗಳ ಆಡಿದ್ದಾರೆ: ಒಂದು ಗಾಡಿಗೆ ಒಂದೇ ಕೋಲು. ಲಾರಿ ಹಿಂದೆ ಬರುವುದು ಕಂಡರೆ ಸಾಕು, ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತು 'ಆವ್ವಾ ದೋ, ಆವ್ವಾ ದೋ' ಎಂದು ಕೈಬೀಸತೊಡಗುತ್ತಾರೆ. ಬರಲಿ, ಬರಲಿ. ಪುಕ್ಕಟೆ ಸಿಗುವ ಸಲಹೆ. "ಹತ್ತು ಜನ ಬರಲಿ ಅಂದ್ರೆ, ನಿಲ್ಲು ಅನ್ನೋ ಒಬ್ಬರ ಮಾತು ಕೇಳ್ಸಲ್ಲ ಕಣಮ್ಮ."

ಏಳು ಗಂಟೆಗೆ ಕಿರಣ್‌ಭಾಯಿ ಬೈಕಿನಲ್ಲಿ ಬರುತ್ತಾರೆ. ಕೆಟ್ಟವರೇನಲ್ಲ. ಗೌರಮ್ಮನಿಗೂ ಒಂದು ಚಹಾ ಹೇಳಿ, ಫೋನಿನಲ್ಲಿ ನಕ್ಷೆ ತೆರೆದು ತೋರಿಸುತ್ತಾರೆ. "ಗೌರಿಬೇನ್, ನಾನು ಲೆಕ್ಕ ಹಾಕಿದ್ದೇನೆ. ಎಡ ತಿರುವು, ಐವತ್ತೈದು ಅಡಿ, ನಡುವೆ ಮರ. ಆಗುವುದಿಲ್ಲ. ಹಟ ಯಾಕೆ?"

"ನಿನ್ನ ನಕ್ಷೆಯಾಗೆ ಗಾಡಿ ಯಾವ ಕಡೆಯಿಂದ ಬರ್ತೈತೆ?"

"ಗೇಟಿನಿಂದ. ಮೂಗು ಮೊದಲು. ಇನ್ನು ಹೇಗೆ?"

"ಬೆನ್ನು ಮೊದಲು. ಬೀದಿಯಿಂದಲೇ ಹಿಂದಕ್ಕೆ ಬರ್ಲಿ. ಎಡ ಅನ್ನೋದು ಬಲ ಆಗ್ತೈತೆ. ಡ್ರೈವರ್ ಕಿಟಕಿ ಕಡೆಗೇ ತಿರುವು ಬೀಳ್ತೈತೆ."

ಕಿರಣ್‌ಭಾಯಿ ಫೋನನ್ನು ತಲೆಕೆಳಗು ಮಾಡಿ ನೋಡುತ್ತಾರೆ. ಆಮೇಲೆ ತಲೆಯಾಡಿಸುತ್ತಾರೆ. "ಬೀದಿಯಲ್ಲಿ ಟ್ರೇಲರ್ ಅಡ್ಡ ತಿರುಗಬೇಕು. ಎದುರಿನ ಫ್ಲ್ಯಾಟಿನವರ ಗೇಟಿನವರೆಗೂ ಮೂಗು ಹೋಗುತ್ತದೆ. ಅಲ್ಲಿ ಯಾವಾಗಲೂ ಒಂದು ಬಿಳಿ ಕಾರು ನಿಂತಿರುತ್ತದೆ. ದೂರು ಕೊಟ್ಟವರ ಮುಂದೆ ಹೋಗಿ ನಿಮ್ಮ ಕಾರು ತೆಗೆಯಿರಿ ಅನ್ನಲು ನನ್ನಿಂದಾಗದು."

"ನೀನು ಅನ್ನಬೇಡ," ಎಂದು ಗೌರಮ್ಮ ಚಹಾದ ಲೋಟ ಕೆಳಗಿಡುತ್ತಾರೆ. "ನಾನಿದೀನಲ್ಲ."

ಬಿಳಿ ಕಾರಿನ ಒಡತಿ ಪದ್ಮಾ, ಮೈಸೂರಿನವರು, ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾಗಿ ಬಂದು ಮೂರು ವರ್ಷ. ದೂರಿನ ಪತ್ರ ಬರೆದವರೂ ಅವರೇ. ಗೌರಮ್ಮ ಎರಡನೇ ಮಹಡಿಗೆ ಹತ್ತಿ ಗಂಟೆ ಒತ್ತಿದಾಗ ಪದ್ಮಾ ಬಾಗಿಲು ತೆರೆದು ಹಿಂದಿಯಲ್ಲಿ ಏನು ಬೇಕು ಎನ್ನುತ್ತಾರೆ.

"ನಿಮ್ಮ ಕಾರು ಹತ್ತು ನಿಮಿಷ ತೆಗೀಬೇಕು ಅಮ್ಮಾರೆ."

ಪದ್ಮಾ ಬಾಗಿಲನ್ನು ಇನ್ನಷ್ಟು ತೆರೆಯುತ್ತಾರೆ. "ನೀವು ಕನ್ನಡದೋರಾ? ಮೂರು ವರ್ಷದಿಂದ ಎದುರಿಗೇ ಇದೀರಿ, ಒಂದು ಮಾತು ಹೇಳಿಲ್ವಲ್ರೀ."

"ಹೇಳೋಕೆ ನೀವೆಲ್ಲಿ ಬಿಟ್ರಿ? ದಿನಾ ಬಾಲ್ಕನಿಯಾಗೆ ನಿಂತು ಫೋನಿನಾಗೆ ಈ ಲಾರಿಯವರಿಗೆ ಒಂಚೂರೂ ಬುದ್ಧಿ ಇಲ್ಲ, ಆ ಕೋಲಿನ ಹೆಂಗಸಿಗಂತೂ ಮೊದಲೇ ಇಲ್ಲ ಅಂತ ಕನ್ನಡದಾಗೇ ಬೈತಿದ್ರಿ. ನಮ್ಮ ಭಾಷೆ ಕಿವಿಗೆ ಬೀಳ್ತೈತಲ್ಲ ಅಂತ ಕೇಳಿಸ್ಕಂಡಿದ್ದೆ."

ಪದ್ಮಾ ಕೆಂಪಾಗುತ್ತಾರೆ. ಆದರೆ ಸೋಲುವವರಲ್ಲ. "ಬೈಯೋ ಹಾಗೆ ನಿಲ್ಲಿಸ್ತಾರೆ, ಬೈತೀನಿ. ಮೊನ್ನೆ ನಮ್ಮ ಮೇಲಿನ ಮನೆ ಅಜ್ಜನಿಗೆ ಉಸಿರು ಕಟ್ಟಿದಾಗ ಆಂಬುಲೆನ್ಸ್ ಒಳಗೆ ಬರಕ್ಕೆ ಆಗಲಿಲ್ಲ. ಕುರ್ಚಿಲಿ ಕೂರಿಸಿ ಬೀದಿ ತನಕ ಎತ್ಕೊಂಡು ಹೋದ್ವಿ. ಅದು ತಪ್ಪಲ್ವಾ?"

"ತಪ್ಪೇ. ಅದಕ್ಕೇ ಬಂದಿರೋದು. ಇವತ್ತು ಆ ಟ್ರೇಲರ್ ಒಳಗೆ ಹೋದ್ರೆ ಇನ್ನು ಬೀದಿಯಾಗೆ ನಿಲ್ಲಲ್ಲ. ಹೋಗಬೇಕು ಅಂದ್ರೆ ನಿಮ್ಮದು ಸರೀಬೇಕು. ನಿಮಗೆ ಒಳಗೆ ಜಾಗ ಕೊಟ್ಟಿಲ್ವ?"

"ಕೊಟ್ಟಿದಾರೆ." ಪದ್ಮಾರ ದನಿ ಸಣ್ಣದಾಗುತ್ತದೆ. "ನೆಲಮಾಳಿಗೆಲಿ, ಎರಡು ಕಂಬದ ಮಧ್ಯೆ. ಹಿಂದಕ್ಕೆ ತಗೊಂಡು ಹೋಗಬೇಕು. ಒಂದ್ಸಲ ಉಜ್ಜಿಕೊಂಡೆ. ಆಮೇಲೆ ಹೋಗೇ ಇಲ್ಲ. ಬೀದಿನೇ ವಾಸಿ ಅಂತ."

ಗೌರಮ್ಮ ನಗುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸುಣ್ಣದ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. "ಬೀಗದಕೈ ತಗಳಿ. ಆ ದೊಡ್ಡದಕ್ಕಿಂತ ಮೊದ್ಲು ನಿಮ್ಮ ಪುಟ್ಟದನ್ನ ಹಾಕಾಣ."

ನೆಲಮಾಳಿಗೆಯಲ್ಲಿ ಮೊದಲು ಪದ್ಮಾರನ್ನು ಆ ಎರಡು ಕಂಬಗಳ ನಡುವೆ ನಡೆಸುತ್ತಾರೆ. ಒಂದು ಕಂಬಕ್ಕೆ ಹಳೆಯ ಬಿಳಿ ಬಣ್ಣ ಹತ್ತಿದೆ, ಪದ್ಮಾ ಅದರಿಂದ ಮುಖ ತಿರುಗಿಸುತ್ತಾರೆ. ಆಮೇಲೆ ನೆಲಕ್ಕೆ ಏಳು ಚುಕ್ಕಿ. ಗಾಜು ಇಳಿಸಿ, ರೇಡಿಯೋ ಆರಿಸಿ. ಕಾರಿನ ಬೆನ್ನಿಗೆ ಬೆರಳ ಗೆಣ್ಣಿನಿಂದ ಎರಡು ಏಟು, ಮೆಲ್ಲಗೆ.

"ನನ್ನ ನೋಡಿ. ಕಂಬ ನೋಡಬೇಡಿ. ಕಂಬ ಎಲ್ಲೂ ಹೋಗಲ್ಲ."

ಎರಡು ಸಲ ಮುಂದೆ ಹೋಗಿ, ಮೂರನೆಯ ಸಲಕ್ಕೆ ಬಿಳಿ ಕಾರು ತನ್ನ ಜಾಗದಲ್ಲಿ ನಿಲ್ಲುತ್ತದೆ. ಮೂರು ವರ್ಷದಲ್ಲಿ ಎರಡನೆಯ ಸಲ. ಪದ್ಮಾ ಇಳಿದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೇರೆ ಯಾರಿಗೂ ಹೇಳದೆ ಫೋನಿನಲ್ಲಿ ಅದರ ಚಿತ್ರ ತೆಗೆದುಕೊಳ್ಳುತ್ತಾರೆ. ಆಮೇಲೆ ತಾವೇ ಗೇಟಿಗೆ ಹೋಗಿ, ಹಾಲು ತರಲು ಹೊರಟ ಎರಡು ಸ್ಕೂಟರುಗಳನ್ನು ಕೈ ಅಡ್ಡ ಹಿಡಿದು ನಿಲ್ಲಿಸುತ್ತಾರೆ. ಏನಾಯಿತು ಎಂದರೆ, "ಹತ್ತು ನಿಮಿಷ. ಲಾರಿ ಮನೆಗೆ ಹೋಗ್ತಿದೆ" ಎಂದು ಹಿಂದಿಯಲ್ಲಿ ಹೇಳುತ್ತಾರೆ.

ಏಳೂ ಇಪ್ಪತ್ತೈದಕ್ಕೆ ಸೂರತ್ತಿನ ಟ್ರೇಲರ್ ಬೀದಿಯ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಡ್ರೈವರ್ ವಾಲಜಿಭಾಯಿಗೆ ಅರವತ್ತು. ಮೀಸೆಯ ಎರಡೂ ತುದಿ ಮೇಲಕ್ಕೆ. ಗೇಟಿನಿಂದಲೇ ಹಿಂದಕ್ಕೆ ಎಂದದ್ದು ಕೇಳಿ, ಕಿಟಕಿಯಿಂದ ತಲೆ ಹೊರಹಾಕುತ್ತಾರೆ.

"ಮಾಸಿ, ಮೂವತ್ತೈದು ವರ್ಷ ಓಡಿಸಿದ್ದೇನೆ."

"ಮುಂದಕ್ಕೆ," ಎನ್ನುತ್ತಾರೆ ಗೌರಮ್ಮ. "ಇಳಿ. ನಡಿ."

ಯಾರ್ಡಿನ ಡ್ರೈವರುಗಳೆಲ್ಲ ಚಹಾ ಹಿಡಿದು ಸಾಲಾಗಿ ನಿಂತಿದ್ದಾರೆ. ವಾಲಜಿಭಾಯಿ ಗೊಣಗುತ್ತಲೇ ಇಳಿದು, ಸುಣ್ಣದ ಚುಕ್ಕಿಗಳ ಪಕ್ಕದಲ್ಲಿ ಮೂಲೆಯವರೆಗೆ ನಡೆದು, ಮರವನ್ನು ಅಂಗೈಯಲ್ಲಿ ಮುಟ್ಟಿ, ವಾಪಸು ಬರುತ್ತಾರೆ. ಬರುವಾಗ ಗೊಣಗಾಟವಿಲ್ಲ. ಗೌರಮ್ಮ ಕಿರಣ್‌ಭಾಯಿಯನ್ನು ಕರೆದು ಇಪ್ಪತ್ತಮೂರರ ಆಚೆಯ ಗೋಡೆಯ ತುದಿಯಲ್ಲಿ, ಗಾಡಿಯ ದಾರಿಗೆ ಸಿಗದೆ, ಎದುರಿನಿಂದ ತಮಗೆ ಕಾಣುವ ಹಾಗೆ ನಿಲ್ಲಿಸುತ್ತಾರೆ. "ಗಾಡಿಗೂ ಗೋಡೆಗೂ ಒಂದು ಮೊಳ ಉಳಿದ್ರೆ ಕೈ ಎತ್ತು. ನನಗೆ ತೋರ್ಸು, ಅವನಿಗಲ್ಲ. ಬಾಯಿ ಬಿಡಬೇಡ." ಕಿರಣ್‌ಭಾಯಿ ಹೋಗಿ ನಿಲ್ಲುತ್ತಾರೆ. ಹಾಲೇಶ ಚಹಾದವರ ಸಾಲಿಗೆ ತಿರುಗಿ ತುಟಿಗೆ ಬೆರಳಿಡುತ್ತಾರೆ. ಒಂದು ಗಾಡಿಗೆ ಒಂದೇ ಕೋಲು.

ಎರಡು ಏಟು.

ಟ್ರೇಲರಿನ ಮೂಗು ಬೀದಿಗೆ ಅಡ್ಡವಾಗಿ, ಬಿಳಿ ಕಾರು ಇಲ್ಲದ ಖಾಲಿ ಜಾಗದೊಳಗೆ ಹೋಗುತ್ತದೆ. ಬಾಲ ಗೇಟಿನೊಳಕ್ಕೆ ಬರುತ್ತದೆ. ಇಂಥ ಗಾಡಿಗೆ ಬುದ್ಧಿ ತಿರುಗುಮುರುಗು. ಹಿಂದೆ ಬರುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಹೋಗುತ್ತದೆ. ವಾಲಜಿಭಾಯಿಯ ಕಣ್ಣು ಕನ್ನಡಿಯಲ್ಲಿ, ಕನ್ನಡಿಯಲ್ಲಿ ಗೌರಮ್ಮ. ಅವರು ಚುಕ್ಕಿಗಳ ಪಕ್ಕದಲ್ಲೇ ಹಿಂದೆ ಹಿಂದೆ ನಡೆಯುತ್ತಾರೆ, ಒಮ್ಮೆಯೂ ಗಾಡಿಯ ಹಿಂದಕ್ಕೆ ಸರಿಯದೆ. ಚಕ್ರ ಒಂದೊಂದೇ ಚುಕ್ಕಿಯನ್ನು ಅಳಿಸುತ್ತ ಬರುತ್ತದೆ. ಗಾಡಿ ಬಿಲ್ಲಿನಂತೆ ಬಾಗಿ ಮೂಲೆಗೆ ತಿರುಗುತ್ತದೆ. ಗೋಡೆಯ ಬಳಿ ಕಿರಣ್‌ಭಾಯಿಯ ಕೈ ಇನ್ನೂ ಕೆಳಗೇ ಇದೆ.

ಆಗ ಗೌರಮ್ಮ ಬಿದಿರನ್ನು ನೆಲಕ್ಕೆ ಊರಿ ಬೇವಿನ ಕೊಂಬೆಯ ಕೆಳಗೆ ಹಿಡಿಯುತ್ತಾರೆ. ಕೆಂಪು ಬಟ್ಟೆಗೂ ಕೊಂಬೆಗೂ ನಡುವೆ ನಾಲ್ಕು ಬೆರಳು. ಸಾಕು. ಎರಡು ಏಟು. ಗಾಡಿ ಇನ್ನೊಂದು ಅಡಿ ಬರುತ್ತದೆ. ಹಿಂದಿನ ಚಕ್ರ ಬೇವಿನ ದಪ್ಪ ಬೇರೊಂದರ ಮೇಲೆ ಹತ್ತತೊಡಗುತ್ತದೆ, ಕಂಟೇನರಿನ ನೆತ್ತಿ ಮೆಲ್ಲಗೆ ಏಳುತ್ತದೆ.

ಒಂದು ಏಟು.

ಗಾಡಿ ಅಲ್ಲೇ ನಿಲ್ಲುತ್ತದೆ. ನೆತ್ತಿಗೂ ಕೊಂಬೆಗೂ ನಡುವೆ ಈಗ ಒಂದು ಗಾಳಿಪಟದ ಕಾಗದ ಮಾತ್ರ ಸಿಕ್ಕಿಕೊಂಡಿದೆ, ಅದೂ ಹೊಸದಾಗಿ ಹರಿದಿಲ್ಲ. ಚಹಾದ ಸಾಲಿನಲ್ಲಿ ಯಾರೋ ನಾಲಿಗೆ ಲೊಚಗುಟ್ಟುತ್ತಾರೆ. ಹಾಲೇಶ ತಲೆ ತಗ್ಗಿಸುತ್ತಾರೆ. ಗೌರಮ್ಮ ಮರದ ಬುಡದಲ್ಲಿ ಕೂತು ಬೇರನ್ನು ಅಂಗೈಯಿಂದ ಅಳೆಯುತ್ತಾರೆ.

"ನನ್ನ ತಪ್ಪು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ. "ಬಿದಿರು ನೆಲದ ಮೇಲಿಟ್ಟು ಅಳೆದೆ. ಬೇರಿನ ಮೇಲಿಟ್ಟು ಅಳೀಲಿಲ್ಲ. ವರಾಛಾದಾಗೆ ಒಂದ್ಸಲ ಕಲ್ತಿದ್ದೆ, ಅರ್ಧ ಮರ್ತಿದ್ದೆ."

ಗೋಡೆಯ ಬಳಿಯಿಂದ ಕಿರಣ್‌ಭಾಯಿ ಗಡಿಯಾರ ನೋಡುತ್ತಾರೆ. ಪೂರ್ವದ ಗೋಡೆಯ ಅಂಚು ಹಳದಿಯಾಗಿದೆ. ವಾಲಜಿಭಾಯಿ ಕಿಟಕಿಯಿಂದ, "ಮಾಸಿ, ಹಾಗೇ ಹಿಂದೆ ಬಂದುಬಿಡಲೇ? ಸಣ್ಣ ಕೊಂಬೆ. ಒಂದು ಸಲ ಒತ್ತಿದರೆ ಮುರಿಯುತ್ತದೆ," ಎನ್ನುತ್ತಾರೆ.

"ಮುಂದಕ್ಕೆ ಹೋಗು."

"ಇಷ್ಟು ಜನರ ಮುಂದೆ?"

"ಇಷ್ಟು ಜನರ ಮುಂದೇನೇ. ಮುಂದಕ್ಕೆ ಹೋಗಿ ಸರಿ ಮಾಡ್ಕಳ್ಳೋದಕ್ಕೆ ಯಾರ ಮೀಸೆಯೂ ಇಳಿಯಲ್ಲ. ಹೋಗು."

ಟ್ರೇಲರ್ ಮುಂದಕ್ಕೆ ಸರಿಯುತ್ತದೆ, ಬೀದಿಯವರೆಗೆ ಮೂಗು ಚಾಚಿ. ಗೇಟಿನಲ್ಲಿ ಸ್ಕೂಟರುಗಳು ನಾಲ್ಕಾಗಿವೆ. ಪದ್ಮಾರ ಎರಡೂ ಕೈ ಈಗ ಅಡ್ಡ. ಗೌರಮ್ಮ ಬಗ್ಗಿ, ಬೇರಿನಿಂದ ಒಂದೂವರೆ ಅಡಿ ಈಚೆಗೆ ಹೊಸ ಚುಕ್ಕಿಗಳನ್ನು ಇಡುತ್ತಾರೆ. ಅವಸರವಿಲ್ಲ. ಒಂದು ಹೆಜ್ಜೆಗೆ ಒಂದು ಚಿಟಿಕೆ. ಉಳಿದ ಹಳೆಯ ಚುಕ್ಕಿಗಳನ್ನು ಕಾಲಿನಿಂದ ಅಳಿಸುತ್ತಾರೆ. ಬಿದಿರನ್ನು ಹೊಸ ಸಾಲಿನ ಮೇಲೆ ಊರಿ ಮೂರು ಕಡೆ ಎತ್ತರ ನೋಡುತ್ತಾರೆ. ಸಿಕ್ಕಿಕೊಂಡಿದ್ದ ಗಾಳಿಪಟವನ್ನು ಅದೇ ಬಿದಿರಿನಿಂದ ಬಿಡಿಸಿ, ದಾರವನ್ನು ಸುತ್ತಿ ಸ್ವೆಟರಿನ ಜೇಬಿಗೆ ಹಾಕಿಕೊಳ್ಳುತ್ತಾರೆ.

ಎರಡು ಏಟು.

ಚಕ್ರ ಹೊಸ ಚುಕ್ಕಿ ಹಿಡಿಯುತ್ತದೆ. ಈ ದಾರಿ ಗೋಡೆಗೆ ಹತ್ತಿರ. ಕಿರಣ್‌ಭಾಯಿಯ ಕೈ ಮೇಲಕ್ಕೆ ಹೋಗುತ್ತದೆ. ಒಂದು ಏಟು. ಗೌರಮ್ಮ ಬಲಗೈಯನ್ನು ಗಾಳಿಯಲ್ಲಿ ಒಂದು ಗೇಣು ತಿರುಗಿಸು ಎನ್ನುವಂತೆ ಆಡಿಸುತ್ತಾರೆ. ವಾಲಜಿಭಾಯಿ ಅಷ್ಟೇ ತಿರುಗಿಸುತ್ತಾರೆ, ಕೂದಲೆಳೆ ಹೆಚ್ಚಿಲ್ಲ. ಎರಡು ಏಟು. ಕಂಟೇನರ್ ಕೊಂಬೆಯ ಕೆಳಗೆ ಬರುತ್ತದೆ. ಒಂದು ಹಣ್ಣೆಲೆ ಉದುರಿ ಅದರ ನೆತ್ತಿಯ ಮೇಲೆ ಬೀಳುತ್ತದೆ. ಎರಡು ಏಟು. ಕಿರಣ್‌ಭಾಯಿಯ ಕೈ ಕೆಳಗಿಳಿದಿದೆ, ಆದರೆ ಬಾಯಿ ತೆರೆದಿದೆ. ಎರಡು ಏಟು. ಕೊನೆಯ ಚುಕ್ಕಿ ಟೈರಿನ ಕೆಳಗೆ ಹೋಗುತ್ತದೆ.

ಒಂದು ಏಟು.

ಬ್ರೇಕಿನ ಗಾಳಿ ಉಸ್ಸೆಂದು ಹೊರಬೀಳುತ್ತದೆ. ಇಂಜಿನ್ ಆರುತ್ತದೆ. ಎದುರಿನ ಬೀದಿಯಲ್ಲಿ ಸ್ಕೂಟರುಗಳು ಹೊರಡುವ ಸದ್ದು ಯಾರ್ಡಿನ ಒಳಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಪೂರ್ವದ ಗೋಡೆಯ ಮೇಲೆ ಹೊತ್ತು ಇನ್ನೂ ಅಂಚಿನಲ್ಲೇ ಇದೆ. ಗೌರಮ್ಮ ಮರದ ಸುತ್ತ ಒಮ್ಮೆ ನಡೆದು, ತೊಗಟೆಯ ಮೇಲೆ ಅಂಗೈ ಆಡಿಸಿ ನೋಡುತ್ತಾರೆ. ಎಲ್ಲೂ ಒಂದು ಗೀರಿಲ್ಲ. ವಾಲಜಿಭಾಯಿ ಇಳಿದು ಬಂದು, ಇಪ್ಪತ್ತಮೂರನೇ ಜಾಗವನ್ನು ಇನ್ನೊಮ್ಮೆ ಕಾಲಲ್ಲಿ ನಡೆದು ನೋಡುತ್ತಾರೆ.

ಮಗಳು ವರ್ಷಿಣಿ ಸೂರತ್ತಿನ ಅಡಾಜಣ್‌ನಲ್ಲಿದ್ದಾಳೆ. ಅರ್ಧ ಗುಜರಾತಿ ಅರ್ಧ ಕನ್ನಡದಲ್ಲಿ ಪ್ರತಿ ವಾರ, ಕೆಲಸ ಬಿಟ್ಟು ಇಲ್ಲಿ ಬಂದು ಕೂರು ಎಂದು ಕರೆಯುತ್ತಾಳಂತೆ. ಹಾಲೇಶ ಅದನ್ನೇ ನೆನಪಿಸಿ, "ಇವತ್ತು ಫೋನ್ ಮಾಡಿದ್ರೆ ಏನಂತೀಯ?" ಎಂದು ಕೇಳುತ್ತಾರೆ.

"ಜಾಗ ಭರ್ತಿ ಆಗೈತೆ, ಇಪ್ಪತ್ತಮೂರೂ. ಬಿಟ್ಟು ಬರಕ್ಕಾಗಲ್ಲ ಅಂತೀನಿ."

ಇನ್ನೊಂದು ಕೆಲಸ ಉಳಿದಿದೆ. ನಿಂತ ಲಾರಿಯ ಚಕ್ರಕ್ಕೆ ಕಲ್ಲು ಕೊಡಬೇಕು. ಅಲ್ಲಿಯವರೆಗೆ ಗಾಡಿ ನಿಂತಿತು ಅನ್ನುವುದಿಲ್ಲ ಗೌರಮ್ಮ. ಅವರು ಕಲ್ಲಿಗೆ ಬಗ್ಗುವ ಮೊದಲೇ ಗೋಡೆಯ ಬಳಿಯಿಂದ ಬಂದ ಕಿರಣ್‌ಭಾಯಿ, ಇಸ್ತ್ರಿ ಮಾಡಿದ ಷರ್ಟಿನಲ್ಲೇ ಮಂಡಿಯೂರಿ, ಎರಡೂ ಕೈಯಲ್ಲಿ ಕಲ್ಲು ಎತ್ತಿ ಟೈರಿಗೆ ಒತ್ತಿ ಇಡುತ್ತಾರೆ. ತಲೆಯೆತ್ತಿ ಗೌರಮ್ಮನ ಮುಖ ನೋಡುತ್ತಾರೆ.

ಗೌರಮ್ಮ ಬಿದಿರಿನ ತುದಿಯಿಂದ ಚಕ್ರದ ಇನ್ನೊಂದು ಬದಿಯನ್ನು ತಟ್ಟುತ್ತಾರೆ, ಒಂದೇ ಏಟು.

"ಅಲ್ಲಿ ಅಲ್ಲಪ್ಪ, ಈ ಕಡೆ. ಇಳಿಜಾರು ಈ ಕಡೆಗೈತೆ."

ಕಿರಣ್‌ಭಾಯಿ ಕಲ್ಲನ್ನು ಈ ಕಡೆಗೆ ಇಡುತ್ತಾರೆ.